ಕೂಸು ನಡೆಯುವ ಮೊದಲೇ ಟ್ರೆಕ್ಕಿಂಗ್ ಶೂ

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು ಅಂತ ಹಿಂದಿನವರನ್ನು ನೋಡಿ ನಗುತ್ತೇವೆ. ನಮ್ಮ ಮಗಳು ಗೋಡೆ ಹಿಡಿದು ಎದ್ದು ನಿಲ್ಲುವ ಹೊತ್ತಿಗೆ ಅವಳ ಟ್ರೆಕ್ಕಿಂಗ್ ಶೂ ಮನೆಗೆ ಬಂದು ಕೂತಿತ್ತು. ಜಾರದ ಅಟ್ಟೆ, ಬೆರಳಿಗೆ ರಕ್ಷಣೆ, ಒಂದು ಹನಿ ನೀರೂ ಒಳಗೆ ಹೋಗಲ್ಲ ಅಂತ ಗ್ಯಾರಂಟಿ ಬೇರೆ. ಅವಳು ಅದನ್ನು ಒಂದು ವಾರ ಚೀಪಿದಳು. ಜೊಲ್ಲು ಆರಾಮಾಗಿ ಒಳಗೆ ಹೋಯಿತು.

ತಪ್ಪು ನಮ್ಮೊಬ್ಬರದ್ದೇ ಅಲ್ಲ. ಫೋನ್ ತೆರೆದರೆ ಸಾಕು, ಮಕ್ಕಳನ್ನು ಪ್ರಕೃತಿಯ ಮಡಿಲಿಗೆ ಕರೆದುಕೊಂಡು ಹೋಗಿ ಅಂತ ಉಪದೇಶ. ಜೊತೆಗೆ ಒಂದು ಫೋಟೋ. ಅಪ್ಪನ ಬೆನ್ನ ಮೇಲೆ ಮಗು, ಮುಂದೆ ಬೆಟ್ಟ, ಆಚೆ ಸೂರ್ಯ. ಗಮನಿಸಿ ನೋಡಿ, ಆ ಫೋಟೋಗಳನ್ನು ಹೆಚ್ಚಾಗಿ ಹಿಂದಿನಿಂದ ತೆಗೆದಿರುತ್ತಾರೆ. ಮಗುವಿನ ಟೋಪಿ ಮಾತ್ರ ಕಾಣುತ್ತದೆ. ಯಾಕೆ ಹಾಗೆ ಅಂತ ನನಗೆ ಗೊತ್ತಾಗಿದ್ದು ಆಮೇಲೆ.

ಪ್ಲಾನು ಮಾಡಿದ್ದು ನಾನು, ಎಕ್ಸೆಲ್‌ನಲ್ಲಿ. ಒಂದರಿಂದ ಎರಡು ವರ್ಷದ ಮಗುವಿಗೆ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಹಗಲಿನ ನಿದ್ದೆಯೂ ಸೇರಿ. ಸರಿ, 13 ಅಂತ ಹಾಕಿದೆ. ಉಳಿದ 11ರಲ್ಲಿ ಉಣ್ಣಿಸುವುದು, ಉಣ್ಣಿಸಿದ್ದನ್ನು ಒರೆಸುವುದು, ಬಟ್ಟೆ ಬದಲಿಸುವುದು, ಬದಲಿಸಿದ ಬಟ್ಟೆಯನ್ನು ಮತ್ತೆ ಬದಲಿಸುವುದು, ಕಾರಣವಿಲ್ಲದ ಅಳು, ಕಾರಣವಿರುವ ಅಳು. ಎಲ್ಲ ಕಳೆದ ಮೇಲೆ 'ಸಾಹಸ' ಅನ್ನುವ ಕಾಲಮ್ಮಿನಲ್ಲಿ 40 ನಿಮಿಷ ಉಳಿಯಿತು. ಅದಕ್ಕಾಗಿ ಮೂರು ದಿನ ರಜೆ ಹಾಕಿದೆ.

ದಾರಿಯ ಬಗ್ಗೆಯೂ ಓದಿಕೊಂಡಿದ್ದೆ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬ ಪರ್ವತಾರೋಹಿ 1892ರಲ್ಲೇ ಒಂದು ಲೆಕ್ಕ ಕೊಟ್ಟಿದ್ದಾನೆ. ಐದು ಕಿಲೋಮೀಟರಿಗೆ ಒಂದು ಗಂಟೆ, 600 ಮೀಟರ್ ಏರಿದರೆ ಇನ್ನೊಂದು ಗಂಟೆ. ಬೆಟ್ಟ ಹತ್ತುವವರು ಈಗಲೂ ಅದನ್ನೇ ನೆಚ್ಚಿಕೊಂಡಿದ್ದಾರೆ. ಆದರೆ ಆ ಪುಣ್ಯಾತ್ಮ ಒಂದೂವರೆ ವರ್ಷದ ಮಗುವಿನ ಕೈ ಹಿಡಿದು ಹೊರಟಿರಲಿಲ್ಲ ಅನ್ನಿಸುತ್ತದೆ. ಅಂಥ ಮಕ್ಕಳ ಲೆಕ್ಕ ಸಿಕ್ಕಿದ್ದು 2012ರಲ್ಲಿ. ಮನಶ್ಶಾಸ್ತ್ರಜ್ಞೆ ಕ್ಯಾರೆನ್ ಅಡಾಲ್ಫ್ ಮತ್ತು ಜೊತೆಗಾರರು 12ರಿಂದ 19 ತಿಂಗಳ ಮಕ್ಕಳು ಆಡುತ್ತಾ ಓಡಾಡುವುದನ್ನು ಎಣಿಸಿದರು. ಗಂಟೆಗೆ ಸರಾಸರಿ 2,368 ಹೆಜ್ಜೆ, 701 ಮೀಟರ್, 17 ಸಲ ಬೀಳುವುದು. ಅಂದರೆ ನೈಸ್ಮಿತ್‌ನ ಐದು ಕಿಲೋಮೀಟರಿಗೆ ಏಳು ಗಂಟೆ, ಸುಮಾರು 120 ಸಲ ಬೀಳುವುದು. ಅದೂ ಮಗು ಒಂದೇ ದಿಕ್ಕಿಗೆ ನಡೆದರೆ. ನಮ್ಮವಳಿಗೆ ದಿಕ್ಕು ಅನ್ನುವುದೇ ಇಲ್ಲ.

ಹಾಗಾಗಿ ಹೊತ್ತುಕೊಂಡು ಹೋಗುವ ಚೀಲ ತಂದೆವು. ಮಗು ಹತ್ತು ಕಿಲೋ, ಚೀಲ ಮೂರು ಕಿಲೋ. ಹೊತ್ತವನು ಬೆವರಿನಲ್ಲಿ ಮಿಂದು ಅಂಗಿ ಬಿಚ್ಚುತ್ತಿರುವಾಗ, ಮೇಲೆ ಅಲ್ಲಾಡದೆ ಕೂತ ಮಗುವಿಗೆ ಚಳಿ ಹಿಡಿಯುತ್ತದೆ. ಅವನು ಬಿಚ್ಚಿದಷ್ಟೂ ಅದಕ್ಕೆ ತೊಡಿಸಬೇಕು. ಮಿಕ್ಕ ಸಾಮಾನಿಗೆ ಇನ್ನೆರಡು ಚೀಲ. ಸರಳ ಬದುಕಿನ ಅನುಭವಕ್ಕೆ ಎಷ್ಟು ಸಾಮಾನು ಬೇಕು ಅಂತೀರಿ! ಮಡಚುವ ಹಾಸಿಗೆ, ಮಡಚುವ ಕುರ್ಚಿ, ಮಡಚುವ ಟಬ್ಬು. ಬಿಚ್ಚಿದ ಮೇಲೆ ಯಾವುದೂ ಮಡಚಲಿಲ್ಲ.

ಬೆಟ್ಟ ಹತ್ತುವವರಿಗೆ ಒಂದು ಸಮಾಧಾನ ಇರುತ್ತದೆ. ದಿನ ಕಳೆದಂತೆ ತಿಂದು ಮುಗಿಸಿ ಚೀಲ ಹಗುರವಾಗುತ್ತದೆ. ಮಗು ಇದ್ದರೆ ಆಗುವುದಿಲ್ಲ. ಬಾಯಿಗೆ ಹೋದದ್ದೆಲ್ಲ ಡೈಪರಿಗೆ ಬರುತ್ತದೆ, ಡೈಪರು ಚೀಲಕ್ಕೆ ಬರುತ್ತದೆ. ಕಾಡಿನಲ್ಲಿ ಹೂಳುವಂತಿಲ್ಲ, ಸುಡುವಂತಿಲ್ಲ, ಹೊತ್ತುಕೊಂಡೇ ಇಳಿಯಬೇಕು. ವಸ್ತು ನಾಶವಾಗುವುದಿಲ್ಲ, ರೂಪ ಬದಲಿಸುತ್ತದೆ ಅಂತ ಫ್ರಾನ್ಸಿನ ವಿಜ್ಞಾನಿ ಲವಾಸಿಯೇ ಹೇಳಿದ್ದನ್ನು ಶಾಲೆಯಲ್ಲಿ ಸುಮ್ನೆ ಬಾಯಿಪಾಠ ಮಾಡಿದ್ದೆ. ಎರಡನೇ ದಿನ ಮಧ್ಯಾಹ್ನ ಭುಜಕ್ಕೆ ಅರ್ಥವಾಯಿತು.

ನಮಗಿಂತ ಧೈರ್ಯಶಾಲಿಗಳೂ ಇದ್ದಾರೆ. ಗೆಳೆಯನೊಬ್ಬ ನಾಲ್ಕು ತಿಂಗಳ ಕೂಸನ್ನು ಕಡಲ ದಂಡೆಗೆ ಕರೆದುಕೊಂಡು ಹೋಗಲು ಮಕ್ಕಳ ಡಾಕ್ಟರನ್ನು ಕೇಳಿದ. ಆರು ತಿಂಗಳ ತನಕ ಸನ್‌ಸ್ಕ್ರೀನ್ ಬೇಡ, ನೆರಳಲ್ಲೇ ಇಡಿ ಅಂದರು ಅವರು. ಪಾಪ, ನಾಲ್ಕು ದಿನವೂ ರೂಮಿನಲ್ಲೇ ಇದ್ದು ಬಂದ. ಕಿಟಕಿಯಿಂದ ಕಡಲು ಕಾಣುತ್ತಿತ್ತಂತೆ, ಮಂಚದ ಮೇಲೆ ನಿಂತರೆ.

ನಮ್ಮದು ಜಲಪಾತ. 'ಸುಲಭ ದಾರಿ, ಮಕ್ಕಳಿಗೂ ಸೂಕ್ತ' ಅಂತ ಬೋರ್ಡಿತ್ತು. ಬೋರ್ಡು ಬರೆದವರಿಗೆ ಮಕ್ಕಳು ಆಗಿರಲಿಕ್ಕಿಲ್ಲ, ಅಥವಾ ಆಗಿ ದೊಡ್ಡವರಾಗಿ ಮರೆತುಹೋಗಿರಬೇಕು. ಎರಡು ಗಂಟೆ ಹತ್ತಿ, ಕೊನೆಯ ತಿರುವು ದಾಟಿ, ನೀರು ಕಂಡಾಗ ನಾನು ಉಬ್ಬಿಹೋಗಿ ಕೂಗಿದೆ, "ನೋಡು ಪುಟ್ಟಿ!"

ಪುಟ್ಟಿ ನಿದ್ದೆ ಹೋಗಿದ್ದಳು. ಕೆನ್ನೆ ನನ್ನ ಭುಜದ ಪಟ್ಟಿಗೆ ಒತ್ತಿಕೊಂಡಿತ್ತು. ತೆರೆದ ಬಾಯಿಂದ ಒಂದು ಎಳೆ ಜೊಲ್ಲು ನನ್ನ ಕಾಲರಿನವರೆಗೆ ಇಳಿದಿತ್ತು.

ಎಬ್ಬಿಸುವುದಾ ಬೇಡವಾ ಅಂತ ಗಂಡ ಹೆಂಡತಿ ಪಿಸುಮಾತಿನಲ್ಲಿ ಜಗಳವಾಡಿದೆವು. ಜಲಪಾತದ ಎದುರು ಪಿಸುಮಾತು! ಎಬ್ಬಿಸಿದರೆ ಸಂಜೆಯವರೆಗೂ ರಂಪ. ಎಬ್ಬಿಸದಿದ್ದರೆ ಬಂದದ್ದು ಯಾಕೆ? ಕೊನೆಗೆ ಹೆಂಡತಿಯೇ ಹಿಂದೆ ಸರಿದು, ಟೋಪಿ ಮಾತ್ರ ಕಾಣುವಂತೆ ಒಂದು ಫೋಟೋ ತೆಗೆದಳು. ಬಹಳ ಚೆನ್ನಾಗಿ ಬಂತು. 'ಪುಟಾಣಿಗೆ ಜೀವನವಿಡೀ ನೆನಪಿರುವ ಕ್ಷಣ' ಅಂತ ಬರೆದು ಹಾಕಿದೆವು. ದೊಡ್ಡವರಿಗೆ ಉಳಿಯುವ ಮೊದಲ ನೆನಪೇ ಸಾಮಾನ್ಯವಾಗಿ ಮೂರು, ಮೂರೂವರೆ ವರ್ಷದ ಆಸುಪಾಸಿನದು. ಅದನ್ನು ಕೆಳಗೆ ಬರೆಯಲಿಲ್ಲ. ಜಾಗ ಇರಲಿಲ್ಲ, ಅಲ್ವಾ?

ರಾತ್ರಿ ಟೆಂಟಿನಲ್ಲಿ ಮಲಗಿದೆವು. ಹತ್ತು ಮಾರು ದೂರದಲ್ಲಿ ಹೊಳೆ ಹರಿಯುತ್ತಿತ್ತು. ಆ ಸದ್ದಿಗೆ ಮಗಳು ನಿದ್ದೆ ಮಾಡಲೊಲ್ಲಳು. ಮನೆಯಲ್ಲಿ ಅವಳು ಮಲಗುವುದು ಫೋನಿನಲ್ಲಿ ಮಳೆಯ ಸದ್ದು ಹಾಕಿದರೆ ಮಾತ್ರ. ಹೊಳೆಯ ಪಕ್ಕದಲ್ಲಿ ಫೋನಿನ ಮಳೆ ಹಾಕಿದೆವು, ಹೊಳೆ ಕೇಳದಷ್ಟು ಜೋರಾಗಿ. ಎರಡು ನಿಮಿಷಕ್ಕೆ ಮಲಗಿದಳು. ನಡುರಾತ್ರಿ ನಿಜವಾದ ಮಳೆಯೇ ಬಂತು. ಅದೇ ಹೊತ್ತಿಗೆ ಫೋನಿನ ಬ್ಯಾಟರಿ ಮುಗಿಯಿತು. ಮಗಳು ಎದ್ದು ಕೂತು, ಟೆಂಟಿನ ಮೇಲೆ ಧೋ ಅಂತ ಸುರಿಯುತ್ತಿದ್ದ ಮಳೆಯನ್ನು ಕೇಳಿ, ಇದು ನನ್ನ ಮಳೆ ಅಲ್ಲ ಅನ್ನುವಂತೆ ಅತ್ತಳು.

ಬೆಳಗಿನ ತನಕ ಅವಳ ಕಿವಿಯ ಹತ್ತಿರ ಬಾಯಿಟ್ಟು ನಾನೇ ಮಳೆಯಾದೆ. ಶ್ಶ್ಶ್... ಶ್ಶ್ಶ್...

"ಮುಂದಿನ ಸಲ ಪವರ್ ಬ್ಯಾಂಕ್ ಎರಡು ತರೋಣ ಕಣ್ರೀ," ಅಂದಳು ಹೆಂಡತಿ ಕತ್ತಲಲ್ಲಿ.

ಉತ್ತರ ಕೊಡಲಿಲ್ಲ. ಕೊಟ್ಟರೆ ಮಳೆ ನಿಲ್ಲುತ್ತಿತ್ತು.