ಆಪರೇಶನ್ ಟೇಬಲ್ ಮೇಲಿರುವಾಗಲೇ ಕಂಕುಳ ಗ್ರಂಥಿಯ ರಿಪೋರ್ಟ್ ಬೇಕಾ?

ಪರ

ಸ್ತನ ಕ್ಯಾನ್ಸರ್ ಹರಡೋಕೆ ಶುರುವಾದ್ರೆ ಸಾಮಾನ್ಯವಾಗಿ ಮೊದಲು ಸಿಗೋದು ಕಂಕುಳಲ್ಲಿರೋ ದುಗ್ಧಗ್ರಂಥಿಗಳಲ್ಲೇ (ಲಿಂಫ್ ನೋಡ್). ಅದಕ್ಕೇ ಸರ್ಜನ್ ನೀಲಿ ಡೈ ಇಲ್ಲಾ ಟೆಕ್ನೀಶಿಯಂ ಅನ್ನೋ ವಿಕಿರಣ ವಸ್ತು ಚುಚ್ಚಿ, ಅದು ಮೊದಲು ಹೋಗಿ ಸೇರೋ ಒಂದೆರಡು ಗ್ರಂಥಿ, ಅಂದ್ರೆ ಸೆಂಟಿನೆಲ್ ನೋಡ್, ತೆಗೆದು ಲ್ಯಾಬಿಗೆ ಕಳಿಸ್ತಾರೆ, ಪೆಥಾಲಜಿಸ್ಟ್ ಅದನ್ನ ಹೆಪ್ಪುಗಟ್ಟಿಸಿ ತೆಳ್ಳಗೆ ಕತ್ತರಿಸಿ ಮೈಕ್ರೋಸ್ಕೋಪಲ್ಲಿ ನೋಡಿ ಅರ್ಧ ಗಂಟೆ ಆಸುಪಾಸಲ್ಲಿ ಉತ್ತರ ಕೊಡ್ತಾರೆ. ಇದೇ ಫ್ರೋಜನ್ ಸೆಕ್ಷನ್. ಕ್ಯಾನ್ಸರ್ ಇದೆ ಅಂದ್ರೆ ಕಂಕುಳ ಉಳಿದ ಗ್ರಂಥಿಗಳನ್ನೂ ಅವತ್ತೇ ತೆಗೀಬಹುದು.

ಬೀದರಿಂದಲೋ ರಾಯಚೂರಿಂದಲೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬರೋರಿಗೆ ಇದು ಸಣ್ಣ ಮಾತಲ್ಲ. ಎರಡು ವಾರ ಬಿಟ್ಟು ಇನ್ನೊಂದು ಆಪರೇಶನ್ ಅಂದ್ರೆ ಮತ್ತೆ ಅನಸ್ತೇಶಿಯಾ, ಮತ್ತೆ ರೈಲು, ಜೊತೆಗಿರೋರಿಗೆ ಮತ್ತೆ ಕೂಲಿ ಹೋಯ್ತು, ಕೀಮೋ ಕೂಡ ಅಷ್ಟು ದಿನ ಮುಂದಕ್ಕೆ. ನಮ್ಮಲ್ಲಿ ಗಡ್ಡೆ ದೊಡ್ಡದಾದ್ಮೇಲೆ ಬರೋರು ತುಂಬಾ ಜನ, ಮೊದಲು ಕೀಮೋ ತಗೊಂಡೋರಲ್ಲಿ ಗ್ರಂಥಿಯಲ್ಲಿ ಇನ್ನೂ ಕ್ಯಾನ್ಸರ್ ಉಳಿದಿದ್ರೆ ಸಾಮಾನ್ಯವಾಗಿ ಕಂಕುಳು ಪೂರ್ತಿ ಕ್ಲಿಯರ್ ಮಾಡ್ತಾರೆ, ಅಂಥೋರಿಗೆ ಉತ್ತರ ಅಲ್ಲೇ ಸಿಗೋದು ಎಷ್ಟು ಉಪಕಾರ ಅಂತ ಆಸ್ಪತ್ರೆ ಕಾರಿಡಾರಲ್ಲಿ ಕಾದವರಿಗೆ ಗೊತ್ತು.

ವಿರೋಧ

ದೂರದಿಂದ ಬರೋರ ಕಷ್ಟ ಒಪ್ತೀನಿ. ಆದ್ರೆ ಗಡ್ಡೆ ಚಿಕ್ಕದಿದ್ದು, ಸ್ತನ ಉಳಿಸೋ ಆಪರೇಶನ್ ಆಗ್ತಿರೋರಿಗೆ ಈ ಅವಸರ ಯಾಕೆ? ಅಮೆರಿಕದ ಝಡ್0011 ಅನ್ನೋ ಟ್ರಯಲ್ ಇಂಥೋರ ಮೇಲೇ ನಡೆದದ್ದು, ಒಂದೆರಡು ಸೆಂಟಿನೆಲ್ ಗ್ರಂಥಿಯಲ್ಲಿ ಕ್ಯಾನ್ಸರ್ ಇದ್ದೋರಲ್ಲಿ ಅರ್ಧ ಜನಕ್ಕೆ ಕಂಕುಳು ಕ್ಲಿಯರ್ ಮಾಡಿದ್ರು, ಅರ್ಧ ಜನಕ್ಕೆ ಅಷ್ಟಕ್ಕೇ ಬಿಟ್ರು, ಎಲ್ಲರಿಗೂ ರೇಡಿಯೇಶನ್ ಪ್ಲಾನ್ ಇತ್ತು. 10 ವರ್ಷ ಆದ್ಮೇಲೆ ಬದುಕಿದ್ದೋರು ಕ್ಲಿಯರ್ ಮಾಡಿದ ಗುಂಪಲ್ಲಿ ಶೇ. 83.6, ಬಿಟ್ಟ ಗುಂಪಲ್ಲಿ ಶೇ. 86.3. ಅಂದ್ಮೇಲೆ ಇಂಥೋರಲ್ಲಿ ಕ್ಯಾನ್ಸರ್ ಇದೆ ಅಂತ ಲ್ಯಾಬಿಂದ ಫೋನ್ ಬಂದ್ರೂ ಮಾಡೋಕೇನೂ ಇಲ್ಲ, ಆದ್ರೆ ಕೈಗೆ ರಿಪೋರ್ಟ್ ಬಂದಾಗ ಇನ್ನಷ್ಟು ತೆಗೆದುಬಿಡೋಣ ಅನ್ನಿಸೋದು ಸಹಜ, ನನಗೆ ಭಯ ಇರೋದೇ ಅಲ್ಲಿ.

ಯಾಕಂದ್ರೆ ಕಂಕುಳು ಪೂರ್ತಿ ತೆಗೆಸಿಕೊಂಡೋರಲ್ಲಿ ಹೆಚ್ಚುಕಮ್ಮಿ ಐದರಲ್ಲೊಬ್ಬರಿಗೆ ಕೈ ಊದ್ಕೊಳ್ಳುತ್ತೆ, ಲಿಂಫೆಡಿಮಾ ಅಂತಾರೆ. ಸೆಂಟಿನೆಲ್ ಮಾತ್ರ ತೆಗೆದ್ರೆ ಅದು ಸುಮಾರು ಇಪ್ಪತ್ತರಲ್ಲೊಬ್ಬರಿಗೆ. ಬಳೆ ಏರಲ್ಲ, ರವಿಕೆ ತೋಳು ಹಿಡಿಯಲ್ಲ, ನೀರಿನ ಕೊಡ ಎತ್ತೋಕಾಗಲ್ಲ, ಇದು ಜೀವನಪೂರ್ತಿ ಜೊತೆಗಿರೋ ಕಷ್ಟ.

ಇನ್ನೊಂದು, ಫ್ರೋಜನ್ ಸೆಕ್ಷನ್‌ನಲ್ಲಿ 2 ಮಿ.ಮೀ. ಒಳಗಿನ ಚಿಕ್ಕ ಹರಡುವಿಕೆ ಎಷ್ಟೋ ಸಲ ಕಣ್ಣಿಗೆ ಬೀಳೋದೇ ಇಲ್ಲ. ಆಪರೇಶನ್ ಮುಗಿದಾಗ ಏನೂ ಇಲ್ಲ ಅಂದಿದ್ದು ವಾರದ ನಂತರ, ಗ್ರಂಥಿಯನ್ನ ಮೇಣದಲ್ಲಿ ಕೂರಿಸಿ ನೋಡೋ ಪ್ಯಾರಾಫಿನ್ ರಿಪೋರ್ಟಲ್ಲಿ ಇದೆ ಅಂತ ಬಂದ್ರೆ ಆ ಮನೆಯವರ ಸ್ಥಿತಿ ಯೋಚಿಸಿ. ಅದರ ಬದಲು ಪೂರ್ತಿ ರಿಪೋರ್ಟಿಗೆ ಕಾದು, ಆಪರೇಶನ್ ಆದವಳು ಎಚ್ಚರವಾಗಿ ಎದುರಿಗೆ ಕೂತು, ನನ್ನ ಕೈಗೆ ಏನಾಗುತ್ತೆ ಡಾಕ್ಟ್ರೇ ಅಂತ ತಾನೇ ಕೇಳೋ ಹಾಗಿರಲಿ.