ಸತ್ಯಾಂಶ: ಎರಡೇ ದಿನದಲ್ಲಿ ಬ್ಯಾಕ್ಟೀರಿಯಾ ಭೂಮಿಗಿಂತ ಭಾರವಾಗುತ್ತದೆಯೇ?

‘ಒಂದು ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ, ಎರಡೇ ದಿನದಲ್ಲಿ ಅದರ ಸಂತತಿ ಭೂಮಿಗಿಂತ ಭಾರವಾಗುತ್ತದೆ’ ಎಂಬ ಸಂದೇಶ ಮೊಬೈಲ್‌ಗಳಲ್ಲಿ ಹರಿದಾಡುತ್ತಿದೆ.

ಲೆಕ್ಕವೇನೋ ಸರಿ. 144 ಬಾರಿ ಇಮ್ಮಡಿಯಾದರೆ ಅಷ್ಟು ತೂಕ ಬಂದೇ ಬರುತ್ತದೆ. ತಪ್ಪಿರುವುದು ಅದರ ಹಿಂದಿನ ಊಹೆ. ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಇಷ್ಟು ವೇಗ ತೋರುವುದು ಪ್ರಯೋಗಾಲಯದ ಪೌಷ್ಟಿಕ ದ್ರವದಲ್ಲಿ, ಅದೂ ಕೆಲವೇ ಗಂಟೆ. ಆಹಾರ ತೀರಿ ತ್ಯಾಜ್ಯ ತುಂಬಿದಂತೆ ಬೆಳವಣಿಗೆ ನಿಲ್ಲುತ್ತದೆ. ಸಾಗರದಲ್ಲಿ ಹೇರಳವಾಗಿರುವ ಪ್ರೋಕ್ಲೋರೊಕಾಕಸ್ ಎಂಬ ಬ್ಯಾಕ್ಟೀರಿಯಾ ಇಮ್ಮಡಿಯಾಗಲು ಸುಮಾರು ಒಂದು ದಿನ ತೆಗೆದುಕೊಳ್ಳುತ್ತದೆ. ಸಂಖ್ಯಾಬಲಕ್ಕೆ ವೇಗವೊಂದೇ ಕಾರಣವಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಇನ್ನು ಬೇಟೆಗಾರರು. ಸಮುದ್ರದ ಮೇಲ್ಪದರದ ಒಂದು ಮಿಲಿಲೀಟರ್ ನೀರಿನಲ್ಲಿ ಸುಮಾರು 10 ಲಕ್ಷ ಬ್ಯಾಕ್ಟೀರಿಯಾಗಳಿದ್ದರೆ, ವೈರಸ್‌ಗಳು ಅದರ ಹತ್ತು ಪಟ್ಟು. ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ವೈರಸ್‌ಗಳಾದ ಫೇಜ್‌ಗಳಿಗೆ ಸ್ವಂತ ಚಲನೆಯಿಲ್ಲ. ಆಕಸ್ಮಿಕವಾಗಿ ತಗುಲಿದ ಬೇಟೆಯೇ ಗತಿ. ಆದ್ದರಿಂದ ಯಾವ ತಳಿ ಸಂಖ್ಯೆಯಲ್ಲಿ ಮುನ್ನುಗ್ಗುತ್ತದೆಯೋ ಅದಕ್ಕೇ ಹೆಚ್ಚು ಪೆಟ್ಟು. ನಿಧಾನವಾಗಿ ಬೆಳೆಯುವ ತಳಿಗಳಿಗೆ ಜಾಗ ಉಳಿಯುವುದು ಹೀಗೆ. ನನಗೆ ಇದು ಇಡೀ ವಿಷಯದ ಅತ್ಯಂತ ಸೊಗಸಾದ ಭಾಗ.

ಹಾಗೆಂದು ಬೇಟೆಗಾರರಿದ್ದರೆ ಸದಾ ಸ್ಥಿರತೆ ಎಂದೂ ಅಲ್ಲ. 1930ರ ದಶಕದಲ್ಲಿ ರಷ್ಯಾದ ಜೀವವಿಜ್ಞಾನಿ ಗೌಸ್, ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಯ ಜೊತೆ ಅದನ್ನು ತಿನ್ನುವ ಇನ್ನೊಂದು ಏಕಕೋಶ ಜೀವಿ ಡಿಡಿನಿಯಂ ಅನ್ನು ಬೆಳೆಸಿದರು. ಬೇಟೆ ಪೂರ್ತಿ ಮುಗಿಯಿತು, ಬೇಟೆಗಾರನೂ ಹಸಿವಿನಿಂದ ಸತ್ತಿತು. ತಳದಲ್ಲಿ ಅಡಗುವ ಜಾಗ ಕೊಟ್ಟಾಗ ಮಾತ್ರ ಪ್ಯಾರಮೀಸಿಯಂ ಉಳಿದುಕೊಂಡಿತು. ಪೋಷಕಾಂಶ ಹೆಚ್ಚಿಸಿದರೆ ಬೇಟೆ-ಬೇಟೆಗಾರರ ಸಂಖ್ಯೆಯ ಏರಿಳಿತ ಇನ್ನೂ ತೀವ್ರವಾಗಬಹುದು ಎಂದು ಪರಿಸರ ವಿಜ್ಞಾನಿ ರೋಸೆನ್‌ಜ್ವೈಗ್ 1971ರಲ್ಲಿ ಗಣಿತದ ಮಾದರಿಗಳಿಂದ ತೋರಿಸಿದರು.