ಅಡ್ಮಿಷನ್ ಪುಸ್ತಕದಲ್ಲಿ ಬರೆದ ಒಂದು ಸುಳ್ಳು

ಇವತ್ತು ಏಪ್ರಿಲ್ 1. 1966ರಲ್ಲಿ ಸಿಸ್ಟರ್ ಇಗ್ನೇಷಿಯಾ ಎಂಬ ಅಮೆರಿಕದ ಕ್ರೈಸ್ತ ಸನ್ಯಾಸಿನಿ ತೀರಿಕೊಂಡ ದಿನ. ನನ್ನ ಫ್ರೆಂಡ್ಸ್ ಲಿಸ್ಟಿನಲ್ಲಿ ಈ ಹೆಸರು ಕೇಳಿದವರು ನಾಲ್ಕೈದು ಜನ ಇದ್ದಾರೆ. ಅವರು ಯಾರೆಂದು ಹೇಳುವ ಹಾಗಿಲ್ಲ, ಕುಡಿತ ಬಿಟ್ಟವರ ಅವರ ಕೂಟದ ನಿಯಮವೇ ಅದು.

ನಾನು ಈಯಮ್ಮನನ್ನು ಹುಡುಕಿಕೊಂಡು ಹೋದದ್ದು ಒಂದು ಡಿಸ್ಚಾರ್ಜ್ ಚೀಟಿಯಿಂದ. ನಮ್ಮ ಮಾವ ಲೈನ್‌ಮ್ಯಾನ್. ಮೊದಲು ಸಾರಾಯಿ ಪ್ಯಾಕೆಟ್ಟು, 2007ರಲ್ಲಿ ಸಾರಾಯಿ ನಿಂತ ಮೇಲೆ ಕ್ವಾರ್ಟರು. ಮೂರು ಸಲ ನಮ್ಮ ತಾಲ್ಲೂಕಿನ ನರ್ಸಿಂಗ್ ಹೋಮಿಗೆ ಸೇರಿಸಿದ್ದೆವು. ಮೂರೂ ಚೀಟಿಯಲ್ಲಿ ಒಂದೇ ಕಾಯಿಲೆ: 'ಅಕ್ಯೂಟ್ ಗ್ಯಾಸ್ಟ್ರೈಟಿಸ್'. ಹಾಗೆ ಬರೆಯಿರಿ ಎಂದು ಕೇಳಿಕೊಂಡವರೂ ನಾವೇ. ಕುಡಿತ ಎಂದು ಬರೆದರೆ ಇನ್ಶೂರೆನ್ಸ್ ಬರುವುದಿಲ್ಲ, ಮಗಳಿಗೆ ಗಂಡು ನೋಡುತ್ತಿದ್ದೇವೆ, ಆಫೀಸಿನವರು ಏನಂದುಕೊಂಡಾರು... ಕಾರಣಕ್ಕೇನು ಬರವೇ? ನಾಲ್ಕು ಬಾಟಲಿ ಡ್ರಿಪ್ಸು, ಬಿ-ಕಾಂಪ್ಲೆಕ್ಸು, ಮನೆ. ಹೊರಗೆ 'ಗ್ಯಾಸ್ಟ್ರಿಕ್ಕು, ಖಾರ ತಿನ್ನಬಾರದಂತೆ'. ಮಾವ ಖಾರ ಬಿಟ್ಟರು.

ಈಗ ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ಎಂಬ ಊರು, 1939ರ ಆಗಸ್ಟ್. ಸೇಂಟ್ ಥಾಮಸ್ ಆಸ್ಪತ್ರೆಯ ಅಡ್ಮಿಷನ್ ಕೌಂಟರಿನಲ್ಲಿ ಐವತ್ತು ವರ್ಷದ ಪುಟ್ಟ ಆಕಾರದ ಸಿಸ್ಟರ್ ಇಗ್ನೇಷಿಯಾ, ಕುಡಿದು ನಡುಗುತ್ತಿದ್ದ ಒಬ್ಬನನ್ನು ಸೇರಿಸಿಕೊಂಡು ಪುಸ್ತಕದಲ್ಲಿ ಬರೆದದ್ದೂ ಇದನ್ನೇ: 'ಅಕ್ಯೂಟ್ ಗ್ಯಾಸ್ಟ್ರೈಟಿಸ್'. ಇದನ್ನು ಓದಿದಾಗ ನನಗೆ ನಗು ಬಂತು, ಆಮೇಲೆ ಬರಲಿಲ್ಲ.

ಆಗ ಕುಡುಕರನ್ನು ಆಸ್ಪತ್ರೆಯವರು ಹತ್ತಿರ ಸೇರಿಸುತ್ತಿರಲಿಲ್ಲ. ಗಲಾಟೆ ಮಾಡುತ್ತಾರೆ, ಬಿಲ್ ಕಟ್ಟುವುದಿಲ್ಲ. ಹಿಂದೆ ಒಮ್ಮೆ ಸಿಸ್ಟರ್ ಹೀಗೆಯೇ ಸೇರಿಸಿಕೊಂಡಿದ್ದ ಒಬ್ಬ ರಾತ್ರಿಯೆಲ್ಲ ಕಾರಿಡಾರಿನಲ್ಲಿ ಓಡಾಡಿ ರಂಪ ಮಾಡಿದ್ದ. 'ಇನ್ನೊಂದು ಸಲ ಸೇರಿಸಿದರೆ ಅವನ ಹಿಂದೆ ಓಡಲಿಕ್ಕೆ ನೀವೇ ಎದ್ದಿರಿ' ಎಂದು ರಾತ್ರಿ ಪಾಳಿಯ ಮೇಲ್ವಿಚಾರಕಿ ರೇಗಿದ್ದರಂತೆ. ಆದರೂ ಡಾಕ್ಟರ್ ಬಾಬ್ ಸ್ಮಿತ್ ಬಂದು ಕೇಳಿದಾಗ ಇಲ್ಲ ಎನ್ನಲಾಗಲಿಲ್ಲ. ಈ ಬಾಬ್ ಸ್ಮಿತ್ ಸರ್ಜನ್, ಸ್ವತಃ ಕುಡಿತದಲ್ಲಿ ಮುಳುಗಿ ಎದ್ದವರು. ಬಿಲ್ ವಿಲ್ಸನ್ ಜೊತೆ ಸೇರಿ, ನಾನು ಮೊದಲು ಹೇಳಿದ ಆ ಕೂಟವನ್ನು, ಅಂದರೆ ಆಲ್ಕೋಹಾಲಿಕ್ಸ್ ಅನಾನಿಮಸ್ ಅನ್ನು ಕಟ್ಟಿದ್ದು 1935ರಲ್ಲಿ. ಮಾರನೆಯ ದಿನ ಡಾಕ್ಟರು, ರೋಗಿಯ ಜೊತೆ ನಮ್ಮವರು ಏಕಾಂತದಲ್ಲಿ ಮಾತಾಡಬೇಕು, ಬೇರೆ ರೂಮು ಕೊಡಿ ಎಂದರು. ರೂಮೆಲ್ಲಿ? ರೋಗಿಗಳಿಗೆ ಬಂದ ಹೂವನ್ನು ಜೋಡಿಸುವ ಚಿಕ್ಕ ಕೋಣೆಯೊಂದಿತ್ತು. ಸಿಸ್ಟರ್ ಮಂಚವನ್ನು ಅದರೊಳಗೆ ತಳ್ಳಿಸಿದರು.

ಸುಳ್ಳು ಒಂದೇ. ಅವರು ಬರೆದದ್ದು ಬಾಗಿಲು ತೆರೆಯಲಿಕ್ಕೆ, ನಾವು ಬರೆಸಿದ್ದು ಬಾಗಿಲು ಹಾಕಿಕೊಳ್ಳಲಿಕ್ಕೆ. ಅವರು ಬಹಳ ದಿನ ಆ ಸುಳ್ಳನ್ನು ಇಟ್ಟುಕೊಳ್ಳಲೂ ಇಲ್ಲ. ಆಡಳಿತದವರನ್ನು ಒಪ್ಪಿಸಿ ಕುಡಿತದ ರೋಗಿಗಳಿಗೆಂದೇ ವಾರ್ಡು ಮಾಡಿಸಿದರು. ಅಮೆರಿಕದ ವೈದ್ಯ ಸಂಘ ಕುಡಿತವನ್ನು ಕಾಯಿಲೆ ಎಂದು ಒಪ್ಪಿದ್ದು 1956ರಲ್ಲಿ. ಅಷ್ಟು ಹೊತ್ತಿಗೆ ಇವರ ಕೈಯಲ್ಲಿ ಸಾವಿರಾರು ಜನ ದಾಟಿಹೋಗಿದ್ದರು.

ಅವರು ಡಾಕ್ಟರಲ್ಲ, ನರ್ಸೂ ಅಲ್ಲ. ಕೌನ್ಸೆಲರ್ ಎಂಬ ಹುದ್ದೆ ಆ ಆಸ್ಪತ್ರೆಯಲ್ಲಿ ಇದ್ದಿರಲಾರದು. 1889ರಲ್ಲಿ ಐರ್ಲೆಂಡಿನ ಮೇಯೊ ಸೀಮೆಯಲ್ಲಿ ಹುಟ್ಟಿ, ಚಿಕ್ಕವಳಿದ್ದಾಗ ಮನೆಯವರ ಜೊತೆ ಹಡಗು ಹತ್ತಿ ಬಂದವರು. ಕಲಿಸುತ್ತಿದ್ದದ್ದು ಸಂಗೀತ. 1914ರಲ್ಲಿ ಸನ್ಯಾಸಿನಿಯರ ಮಠ ಸೇರಿದ ಮೇಲೂ ಅದೇ ದುಡಿಮೆ, ಮೈ ಮನಸ್ಸು ಎರಡೂ ಕುಸಿಯುವವರೆಗೆ. ಸಂಗೀತ ಬಿಡದಿದ್ದರೆ ಜೀವ ಬಿಡಬೇಕಾಗುತ್ತದೆ ಎಂದು ಡಾಕ್ಟರ್ ಹೇಳಿದ ಮೇಲೆ, ಹಗುರ ಕೆಲಸ ಅಂತ ಕೂರಿಸಿದ್ದು ಈ ಅಡ್ಮಿಷನ್ ಕೌಂಟರಿನಲ್ಲಿ. ಹಗುರ ಕೆಲಸವಂತೆ! ನನ್ನ ಅಭಿಪ್ರಾಯ ಕೇಳಿದರೆ, ಆ ಕುಸಿತವೇ ಅವರ ಡಿಗ್ರಿ. ಎದುರಿಗೆ ನಿಂತವನ ಕೈ ನಡುಗುವುದು ಅವರಿಗೆ ಕೊಬ್ಬಾಗಿ ಕಾಣಲಿಲ್ಲ.

ಹಾಗಂತ ಮೆತ್ತಗಿನ ಜೀವವೇನಲ್ಲ. ಡಿಸ್ಚಾರ್ಜ್ ದಿನ ಪ್ರತಿ ರೋಗಿಯ ಕೈಗೆ ಯೇಸುವಿನ ಪವಿತ್ರ ಹೃದಯದ ಚಿಕ್ಕ ಬ್ಯಾಡ್ಜ್ ಕೊಟ್ಟು ಒಂದು ಕರಾರು ಹಾಕುತ್ತಿದ್ದರು: ಮತ್ತೆ ಕುಡಿಯಬೇಕು ಅನ್ನಿಸಿದರೆ ಕುಡಿ, ಆದರೆ ಮೊದಲನೇ ಗುಟುಕಿಗೆ ಮುಂಚೆ ಇದನ್ನು ತಂದು ನನ್ನ ಕೈಗೆ ವಾಪಸ್ ಕೊಡು. ಎಂಥ ಕಿಲಾಡಿ! ಆಣೆ ಪ್ರಮಾಣ ಏನೂ ಇಲ್ಲ. ವಾಪಸ್ ಕೊಡಬೇಕಾದರೆ ಅವರ ಮುಖ ನೋಡಬೇಕಲ್ಲ, ಅಷ್ಟೇ.

ಒಂದು ವಿಷಯದಲ್ಲಿ ಮಾತ್ರ ನನಗೆ ಅವರ ಜೊತೆ ಜಗಳವಿದೆ. ಆಕ್ರನ್ನಿನ ಆ ವಾರ್ಡಿನಲ್ಲಿ ಸಾಮಾನ್ಯವಾಗಿ ಒಬ್ಬರಿಗೆ ಒಂದೇ ಸಲ ಅವಕಾಶ, ಐದು ದಿನ. ಮರಳಿ ಬಿದ್ದವರಿಗೆ ಮಂಚವಿಲ್ಲ. ಮಂಚ ಕಡಿಮೆ, ಕಾಯುವವರು ಜಾಸ್ತಿ, ಒಪ್ಪುತ್ತೇನೆ. ಆದರೆ ನಮ್ಮ ಮಾವ ಅಲ್ಲಿದ್ದಿದ್ದರೆ ಉಳಿಯುತ್ತಿರಲಿಲ್ಲ. ಬಿದ್ದು ಏಳುವುದು ಈ ಕಾಯಿಲೆಯ ಸ್ವಭಾವ. ಅದನ್ನು ಬಲ್ಲವರು ಎರಡನೇ ಸಲ, ಐದನೇ ಸಲವೂ ಕುರ್ಚಿ ಎಳೆದು ಕೂರಿಸುತ್ತಾರೆ.

1950ರಲ್ಲಿ ಡಾಕ್ಟರ್ ಬಾಬ್ ತೀರಿಕೊಂಡರು. 1952ರಲ್ಲಿ ಸಿಸ್ಟರ್‌ಗೆ ಕ್ಲೀವ್‌ಲ್ಯಾಂಡಿಗೆ ವರ್ಗವಾಯಿತು. ಅಲ್ಲಿ ಕಟ್ಟಿಸಿದ ವಾರ್ಡಿಗೆ ರೋಸರಿ ಹಾಲ್ ಸೊಲೇರಿಯಂ ಎಂದು ಹೆಸರಿಟ್ಟರು. ಇಂಗ್ಲಿಷಿನಲ್ಲಿ ಆರ್, ಎಚ್, ಎಸ್. ರಾಬರ್ಟ್ ಹೋಲ್‌ಬ್ರೂಕ್ ಸ್ಮಿತ್, ಅಂದರೆ ಡಾಕ್ಟರ್ ಬಾಬ್ ಅವರ ಪೂರ್ತಿ ಹೆಸರಿನ ಅಕ್ಷರಗಳೂ ಅವೇ.

ಮಾವನ ನಾಲ್ಕನೇ ಚೀಟಿ ಬೆಂಗಳೂರಿನದು. ಅಲ್ಲಿನ ಕೌನ್ಸೆಲರ್ ಹುಡುಗಿ ಮಾವನನ್ನು ಮಾತಾಡಿಸುವುದಕ್ಕೆ ಮೊದಲು ಅತ್ತೆಯ ಕಡೆ ತಿರುಗಿ, 'ಅಮ್ಮಾ, ಬೆಳಿಗ್ಗೆಯಿಂದ ಏನಾದ್ರೂ ತಿಂದಿದ್ದೀರಾ?' ಅಂದಳು. ಇಪ್ಪತ್ತು ವರ್ಷದಲ್ಲಿ ಅತ್ತೆಯನ್ನು ಯಾರೂ ಕೇಳದಿದ್ದ ಪ್ರಶ್ನೆ. ಅತ್ತೆ ಅಲ್ಲೇ ಅತ್ತುಬಿಟ್ಟರು. ಡಿಸ್ಚಾರ್ಜ್ ಚೀಟಿಯಲ್ಲಿ ಕಾಯಿಲೆಯ ನಿಜವಾದ ಹೆಸರಿತ್ತು. ಆಮೇಲೂ ಮಾವ ಒಮ್ಮೆ ಜಾರಿದರು. ಆ ಹುಡುಗಿ ಬೈಯದೆ ಮತ್ತೆ ದಿನ ಕೊಟ್ಟಳು. ಅದಾದ ಮೇಲೆ ಆರು ವರ್ಷ ಮಾವ ಮುಟ್ಟಲಿಲ್ಲ, ಹೋದದ್ದು ಹಾರ್ಟ್ ಅಟ್ಯಾಕಿನಿಂದ.

ಹೋದ ತಿಂಗಳು ವರ್ಷಾಂತಿಕಕ್ಕೆ ಹೋಗಿದ್ದೆ. ಊಟವಾದ ಮೇಲೆ ಅತ್ತೆ ಬೀರುವಿನಿಂದ ಪ್ಲಾಸ್ಟಿಕ್ ಕವರ್ ತೆಗೆದರು. ಗ್ಯಾಸ್ಟ್ರೈಟಿಸ್‌ನ ಮೂರು ಚೀಟಿಗಳನ್ನು ಪಕ್ಕಕ್ಕಿಟ್ಟು ನಾಲ್ಕನೆಯದನ್ನು ನನ್ನ ಕೈಗೆ ಕೊಟ್ಟರು.

'ಇದೊಂದು ಜೆರಾಕ್ಸ್ ಮಾಡಿಸ್ಕೊಂಡು ಬಾರಪ್ಪ. ಹಿಂದಿನ ಬೀದಿ ಹುಡುಗನ ತಾಯಿ ಕೇಳ್ತಿದ್ಳು, ಎಲ್ಲಿಗೆ ಕರ್ಕೊಂಡು ಹೋಗಿದ್ರಿ ಅಂತ. ಬಾಯಲ್ಲಿ ಹೇಳಿದ್ರೆ ಅವಳಿಗೆ ವಾರ್ಡು ಸಿಗಲ್ಲ.'